ಬಿಟ್ಟವರು ಯಾರು, ಬಿಡಿಸಿದವರು ಯಾರು?

ಕಡಿಮೆ ಸಾಮಾನು ಇಟ್ಕೊಂಡು ಬದುಕಬೇಕು, ದಿನಚರಿಯನ್ನು ನಾವೇ ಯೋಚಿಸಿ ಕಟ್ಟಿಕೊಳ್ಳಬೇಕು ಅನ್ನೋದು ಈಗ ನಗರದ ಉಳ್ಳವರಿಗೆ ಸಿಕ್ಕಿರುವ ಹೊಸ ಪಾಠ. ಬೀರು ತುಂಬಿ ಬಾಗಿಲು ಮುಚ್ಚದೇ ಹೋದ ಮೇಲೆ ಬಂದ ಜ್ಞಾನ ಇದು. ತಪ್ಪೇನಿಲ್ಲ. ಆದರೆ ಈ ಪಾಠವನ್ನು ಕೇರಿಗೆ ತಂದು ಒಪ್ಪಿಸುವವರನ್ನು ಒಂದು ಮಾತು ಕೇಳಬೇಕಾಗ್ತದೆ. ಎರಡು ಸೀರೆ, ನಾಲ್ಕು ಮಡಕೆ, ಒಂದು ಕಂಬಳಿಯಲ್ಲೇ ಬದುಕು ಮುಗಿಸಿದ ನಮ್ಮ ಅಜ್ಜಿಯರು ಸರಳ ಜೀವನವನ್ನು ಆರಿಸಿಕೊಂಡಿದ್ದರೋ, ಇಲ್ಲಾ ಅದನ್ನು ಅವರ ಮೇಲೆ ಹೇರಲಾಗಿತ್ತೋ? ಬಿಟ್ಟವರು ಯಾರು, ಬಿಡಿಸಿದವರು ಯಾರು?

ಇದಕ್ಕೆ ಉತ್ತರ ಹುಡುಕಲು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ, ಅಕ್ಕಪಕ್ಕದ ಈ ಎರಡು ತಾಲ್ಲೂಕುಗಳ ಚರಿತ್ರೆಯಿಂದಲೇ ಶುರು ಮಾಡಬಹುದು.

ಹನ್ನೆರಡನೇ ಶತಮಾನದಲ್ಲಿ ಶಿಕಾರಿಪುರ ಸೀಮೆಯ ಬಳ್ಳಿಗಾವಿ ದೊಡ್ಡ ಪಟ್ಟಣ. ಗುಡಿಗಳು, ಮಠಗಳು, ವ್ಯಾಪಾರಿಗಳು, ನಾಟ್ಯ, ಶಿಲ್ಪ ಎಲ್ಲ ಇದ್ದ ಊರು. ಅಲ್ಲಿನ ಕೋಡಿಮಠದ 1162ರ ಶಾಸನ ವಿದ್ಯೆ ಕಲಿಸುತ್ತಿದ್ದುದನ್ನೂ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಹಾಕುತ್ತಿದ್ದುದನ್ನೂ, ರೋಗಿಗಳಿಗೆ ಔಷಧಿ ಕೊಡುತ್ತಿದ್ದುದನ್ನೂ ಹೊಗಳುತ್ತದೆ. ದಾನ ಕೊಟ್ಟವನ ಹೆಸರು, ಪಡೆದ ಗುರುವಿನ ಹೆಸರು ಕಲ್ಲಿನ ಮೇಲೆ ಬರುತ್ತವೆ. ಅಂಗಳ ಗುಡಿಸಿದವರ ಹೆಸರನ್ನು ಕಲ್ಲು ಕೆತ್ತುವುದಿಲ್ಲ. ಅಂಥ ಒಂದು ಹೆಸರು ನಮಗೆ ಸಿಗೋದು ವಚನಗಳಲ್ಲಿ.

ಅದು ಸತ್ಯಕ್ಕನ ಹೆಸರು. ಇದೇ ತಾಲ್ಲೂಕಿನ ಹಿರೇಜಂಬೂರಿನವಳು. ಶಂಭುಜಕ್ಕೇಶ್ವರ ಆಕೆಯ ಅಂಕಿತ. ಶರಣರ ಮನೆಯಂಗಳದ ಕಸ ಗುಡಿಸೋದು ಆಕೆಯ ಕಾಯಕವಾಗಿತ್ತು ಅಂತ ಪರಂಪರೆ ಹೇಳ್ತದೆ. ಲಂಚಕ್ಕೆ ಕೈ ಒಡ್ಡೋದಿಲ್ಲ, ನಡೆಯೋ ದಾರಿಯಲ್ಲಿ ಚಿನ್ನ ಬಿದ್ದಿರಲಿ, ಬಟ್ಟೆ ಬಿದ್ದಿರಲಿ ಮುಟ್ಟೋದಿಲ್ಲ ಅಂತ ಆಕೆ ಒಂದು ವಚನದಲ್ಲಿ ಆಣೆಯಿಟ್ಟು ಹೇಳಿದಾಳೆ. ಈ ಮಾತಿನ ತೂಕ ತಿಳೀಬೇಕಾದರೆ ಆಡಿದ್ದು ಯಾರು ಅಂತ ನೆನಪಿಡಬೇಕು. ಪೊರಕೆ ಹಿಡಿದ ಕೈಗೇ ಬಿದ್ದ ವಸ್ತು ಮೊದಲು ಸಿಗೋದು. ಕಳುವಾದರೆ ಮೊದಲು ಅನುಮಾನ ಬೀಳೋದೂ ಆ ಕೈ ಮೇಲೇ. ಅಂಥ ಕೆಲಸದ ಹೆಂಗಸು, ನನಗೆ ಏನು ಬೇಕು ಏನು ಬೇಡ ಅನ್ನೋದನ್ನು ನಾನೇ ತೀರ್ಮಾನ ಮಾಡ್ತೀನಿ ಅಂತಾಳೆ. ಯಾರೂ ಅವಳಿಗೆ ಸರಳತೆಯ ಉಪದೇಶ ಮಾಡಲಿಲ್ಲ.

ಇನ್ನೊಬ್ಬಳು ಉಡುತಡಿಯ ಮಹಾದೇವಿ. ಅದೂ ಶಿಕಾರಿಪುರ ತಾಲ್ಲೂಕೇ. ಅವಳ ಕತೆಯನ್ನು ಹರಿಹರ ಒಂದು ಬಗೆಯಲ್ಲಿ, ಚಾಮರಸ ಇನ್ನೊಂದು ಬಗೆಯಲ್ಲಿ ಹೇಳಿದಾರೆ. ಕೌಶಿಕನ ಅರಮನೆ ಬಿಟ್ಟಳು, ಒಡವೆ ಬಿಟ್ಟಳು, ಉಟ್ಟ ಸೀರೆಯನ್ನೂ ಬಿಟ್ಟು ಕೂದಲು ಹೊದ್ದು ಹೊರಟಳು ಅನ್ನೋದು ಜನ ನಂಬಿಕೊಂಡು ಬಂದ ಮಾತು. ಶೂನ್ಯಸಂಪಾದನೆಯಲ್ಲಿ, ಬಳ್ಳಿಗಾವಿಯವನೇ ಆದ ಅಲ್ಲಮ ಅವಳನ್ನು ಸುಮ್ಮನೆ ಬಿಡೋದಿಲ್ಲ. ಬಟ್ಟೆ ಬಿಟ್ಟವಳಿಗೆ ಕೂದಲ ಮರೆ ಯಾಕೆ ಅಂತ ತುಂಬಿದ ಸಭೆಯಲ್ಲಿ ಕೇಳ್ತಾನೆ. ಅದು ತನಗಾಗಿ ಅಲ್ಲ, ನೋಡೋರಿಗೆ ನೋವಾಗದಿರಲಿ ಅಂತ ಅವಳು ಉತ್ತರ ಕೊಡ್ತಾಳೆ. ಇದನ್ನು ಗಮನಿಸಬೇಕು. ತಾನು ಬಿಟ್ಟದ್ದಕ್ಕೆ ಕಾರಣ ಹೇಳುವ ಬಾಯಿ ಅವಳಿಗಿತ್ತು. ಅದನ್ನು ಕೇಳುವ ಸಭೆಯೂ ಇತ್ತು. ಆಯ್ಕೆ ಅಂದರೆ ಇದು.

ಆದರೆ ಗೆಳೆಯರೇ, ಇಲ್ಲಿಗೇ ನಿಂತರೆ ನಮ್ಮ ಚರಿತ್ರೆ ಅರ್ಧವೇ ಆಗ್ತದೆ. ತನಗೆ ಎಷ್ಟು ಸಾಕು ಅಂತ ಮಹಾದೇವಿ ಒಂದು ವಚನದಲ್ಲಿ ಲೆಕ್ಕ ಕೊಡ್ತಾಳೆ. ಊಟಕ್ಕೆ ಊರಿನ ಭಿಕ್ಷೆ, ಕುಡಿಯೋಕೆ ಊರಿನ ನೀರು, ಮಲಗೋಕೆ ಯಾರಿಗೂ ಬೇಡವಾದ ಗುಡಿ. ಎಷ್ಟು ಚಿಕ್ಕ ಲೆಕ್ಕ! ಈ ಲೆಕ್ಕವನ್ನು ಕೇರಿಯಲ್ಲಿ ನಿಂತು ಓದಿ ನೋಡಿ. ನೀರು ಮುಟ್ಟಬಾರದು ಅಂದವರ ನಡುವೆ, ಗುಡಿಯೊಳಗೆ ಕಾಲಿಡಬಾರದು ಅಂದವರ ನಡುವೆ ಹುಟ್ಟಿದ ಹೆಣ್ಣಿಗೆ ಈ ಮೂರರಲ್ಲಿ ಎರಡು ಇಲ್ಲವೇ ಇಲ್ಲ. ಏನೂ ಇಟ್ಟುಕೊಳ್ಳದೆ ಬದುಕಬೇಕಾದರೂ ಎಲ್ಲರಿಗೂ ಸೇರಿದ್ದು ಅಂತ ಏನಾದರೂ ಇರಬೇಕು. ಊರಿನ ಕೆರೆ ನನ್ನದೂ ಆಗಿದ್ದರೆ ಮಾತ್ರ ನಾನು ಮನೆಯ ಕೊಡ ಬಿಟ್ಟೇನು.

ಅದಕ್ಕೇ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು. ಸವರ್ಣೀಯರು ಆಮೇಲೆ ಸೆಗಣಿ, ಗಂಜಲ ಹಾಕಿ ಆ ಕೆರೆಯನ್ನು ಶುದ್ಧ ಮಾಡಿಕೊಂಡರು. ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿಯನ್ನು ಸುಡಲಾಯಿತು. ಆ ಸಮಾವೇಶಕ್ಕೆ ಬಂದಿದ್ದ ಹೆಂಗಸರಿಗೆ ಅಂಬೇಡ್ಕರ್ ಹೇಳಿದ್ದು ಬಟ್ಟೆ ಮತ್ತು ಒಡವೆಯ ಮಾತು. ನೀವು ಸೀರೆ ಉಡುವ ರೀತಿಯೇ ನಿಮ್ಮ ಜಾತಿಯ ಗುರುತಾಗಿದೆ, ಅದನ್ನು ಬಿಡಿ. ಕೊರಳ ತುಂಬ ಸರ, ಮೊಣಕೈವರೆಗೆ ಬೆಳ್ಳಿ-ತವರದ ಬಳೆ ಹಾಕಬೇಡಿ. ಸತ್ತ ದನದ ಮಾಂಸ ಮನೆಗೆ ತರಬೇಡಿ. ಬಟ್ಟೆ ಹರಿದಿದ್ದರೂ ಚೊಕ್ಕಟವಾಗಿರಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ. ಉಡೋದು, ತಿನ್ನೋದು, ತೊಡೋದು ಇಲ್ಲಿ ಮನೆಯ ಸಣ್ಣ ಸಂಗತಿಗಳಲ್ಲ. ಮೈಮೇಲೆ ಯಾರೋ ಒತ್ತಿದ ಮುದ್ರೆಯನ್ನು ತಾವೇ ಅಳಿಸುವ ಕೆಲಸ.

1921ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮಧುರೆಯಲ್ಲಿ ಅಂಗಿ ಬಿಟ್ಟು ತುಂಡು ಬಟ್ಟೆ ಉಟ್ಟರು. ಅಂಬೇಡ್ಕರ್ ಸೂಟು ಹಾಕಿದರು, ಮುಂಬಯಿಯ ರಾಜಗೃಹದಲ್ಲಿ ಸಾವಿರಾರು ಪುಸ್ತಕ ತುಂಬಿದರು. ಇದರಲ್ಲಿ ಯಾವುದು ದೊಡ್ಡದು ಅಂತ ಈಗಲೂ ಜಗಳ ಆಡೋರಿದಾರೆ. ಬಿಡೋಕೆ ಅಂಗಿ ಇದ್ದವರು ಬಿಟ್ಟರು. ಅಂಗಿಯನ್ನೇ ಕಸಿದುಕೊಂಡಿದ್ದ ಜನರ ಪರವಾಗಿ ಒಬ್ಬರು ತೊಟ್ಟರು. ಇಬ್ಬರದ್ದೂ ಆಯ್ಕೆಯೇ. ಆದರೆ ಮೊದಲನೆಯದಕ್ಕೆ ತ್ಯಾಗ ಅನ್ನೋ ಹೆಸರು ಸಿಕ್ಕಿತು, ಎರಡನೆಯದಕ್ಕೆ ಶೋಕಿ ಅನ್ನೋ ಹೆಸರು.

ಈಗ ಸೊರಬಕ್ಕೆ ಬರೋಣ. ಆ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಗುಹಾಲಯ ಇದೆ. ಮಗ ಪರಶುರಾಮ ಕೊಲ್ಲೋಕೆ ಅಟ್ಟಿಸಿಕೊಂಡು ಬಂದಾಗ ಓಡಿದ ತಾಯಿಯ ಸೀರೆ ಜಾರಿತು, ಅವಳು ಗುಹೆ ಹೊಕ್ಕಳು ಅನ್ನೋದು ಕತೆ. ಈ ಕತೆ ಹಿಡಿದು ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೀತಿತ್ತು. ವರದಾ ಹೊಳೆಯಲ್ಲಿ ಮುಳುಗೆದ್ದು, ಗಂಡಸರು, ಹೆಂಗಸರು, ಮಕ್ಕಳು ಬಟ್ಟೆಯಿಲ್ಲದೆ ಗುಡಿಯವರೆಗೆ ನಡೀತಿದ್ದರು. ಹಾಗೆ ನಡೆದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದ ಜಾತಿಗಳ ಬಡವರು. 1986ರ ಮಾರ್ಚ್ ಜಾತ್ರೆಯಲ್ಲಿ ಇದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಇತರರೂ ಹೋದರು. ಗುಂಪು ಅವರ ಮೇಲೆ, ಪೊಲೀಸರ ಮೇಲೆ ತಿರುಗಿಬಿತ್ತು. ಮಹಿಳಾ ಪೊಲೀಸರ ಬಟ್ಟೆಯನ್ನೂ ಕಿತ್ತು ನಡೆಸಲಾಯಿತು. ಆಮೇಲೆ ವಿಚಾರಣಾ ಆಯೋಗ ಬಂತು, ಬೆತ್ತಲೆ ಸೇವೆಗೆ ನಿಷೇಧ ಬಂತು.

ಆಗ ಕೆಲವರು ಕೇಳಿದ ಪ್ರಶ್ನೆಯನ್ನು ಈಗಲೂ ಕೇಳ್ತಾರೆ. ಉಡುತಡಿಯ ಅಕ್ಕ ಬಟ್ಟೆ ಬಿಟ್ಟರೆ ಶರಣೆ, ಚಂದ್ರಗುತ್ತಿಯ ಹೆಂಗಸು ಬಿಟ್ಟರೆ ಮೂಢನಂಬಿಕೆಯೇ? ಹರಕೆ ಹೊತ್ತವಳೂ ತಾನೇ ಇಷ್ಟಪಟ್ಟು ಹೊತ್ತಳಲ್ಲ? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಉತ್ತರ ಇಷ್ಟೇ. ಬೇಡ ಅನ್ನುವ ದಾರಿ ಇದ್ದಾಗ ಮಾತ್ರ ಬೇಕು ಅನ್ನೋದು ಆಯ್ಕೆ. ಮಗುವಿಗೆ ಕಾಯಿಲೆ, ಹತ್ತಿರದಲ್ಲಿ ಡಾಕ್ಟರಿಲ್ಲ, ಹರಕೆ ತಪ್ಪಿದರೆ ದೇವಿ ಮುನೀತಾಳೆ ಅನ್ನೋ ಭಯ. ಬೇಡ ಅಂದರೆ ಮನೆಯವರ ಮಾತು, ಊರಿನ ಮಾತು. ಅವಳ ಸೀರೆಯನ್ನು ಬಿಚ್ಚಿಸಿದ್ದು ಭಯ. ಅಕ್ಕನನ್ನು ಕೇಳಿದ ಹಾಗೆ ಯಾಕೆ ತಾಯಿ ಅಂತ ಅವಳನ್ನು ಕೂರಿಸಿ ಕೇಳುವ ಸಭೆಯನ್ನು ಊರು ಕಟ್ಟಲೇ ಇಲ್ಲ.

ಇದರಿಂದ ಹೋರಾಟಗಾರರಿಗೂ ಒಂದು ಪಾಠ ಇದೆ. ಒಂದು ದಿನ ಹೋಗಿ ಬಟ್ಟೆ ಹೊದಿಸಿದರೆ ಅದೂ ಬೇರೆಯವರ ತೀರ್ಮಾನವೇ ಆಗ್ತದೆ. ನಿಷೇಧ ಬೇಕಾಗಿತ್ತು, ಬಂತು, ಒಳ್ಳೇದಾಯ್ತು. ಆದರೆ ಭಯ ತೆಗೆಯೋದು ಕಾನೂನಿನ ಒಂದು ಹಾಳೆಯಲ್ಲ. ಆಸ್ಪತ್ರೆ, ಶಾಲೆ, ಕೂಲಿ, ಮತ್ತೆ ವರ್ಷಗಟ್ಟಲೆ ಕೇರಿಯಲ್ಲಿ ಕೂತು ಆಡಿದ ಮಾತು ಬೇಕು.

ವಸ್ತುವಿನ ಹಾಗೇ ದಿನಚರಿಯೂ. ಹಳ್ಳಿಯ ತೋಟಿ, ತಳವಾರ ಯಾವಾಗ ಏಳಬೇಕು, ಯಾರ ಕರೆಗೆ ಓಡಬೇಕು ಅನ್ನೋದನ್ನು ತಲೆತಲಾಂತರ ಊರು ತೀರ್ಮಾನಿಸಿತ್ತು. ವಂಶದಿಂದ ಬರುತ್ತಿದ್ದ ಆ ಗ್ರಾಮ ಹುದ್ದೆಗಳನ್ನು ತೆಗೆಯೋಕೆ 1961ರ ಕಾಯ್ದೆ ಬರಬೇಕಾಯ್ತು. ತಲೆ ಮೇಲೆ ಮಲದ ಬುಟ್ಟಿ ಹೊರೋದನ್ನು ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ನಿಲ್ಲಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ 2013ರಲ್ಲಿ ಇನ್ನೂ ಬಿಗಿಯಾಗಿ ಬಂತು. ಹಾಗಿದ್ದೂ ಮ್ಯಾನ್‌ಹೋಲಿಗೆ ಇಳಿದು ಸಾಯೋರ ಜಾತಿ ಬದಲಾಗಿಲ್ಲ. ಇವರ ಮುಂದೆ ನಿಂತು ಕಾಯಕವೇ ಕೈಲಾಸ ಅಂತ ಭಾಷಣ ಮಾಡೋರಿಗೆ ಸತ್ಯಕ್ಕನನ್ನು ತೋರಿಸಬೇಕು. ಅವಳ ಪೊರಕೆ ಕಾಯಕವಾದದ್ದು ಅದರ ಜೊತೆ ಅವಳದ್ದೇ ಮಾತು ಇದ್ದದ್ದರಿಂದ. ಮಾತು ಕಸಿದುಕೊಂಡು ಪೊರಕೆ ಮಾತ್ರ ಕೈಗೆ ಕೊಟ್ಟರೆ ಅದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರು.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಸರಳ ಜೀವನದ ಪಾಠ ಮಾಡುವಾಗ ಮನೆಯ ಸಾಮಾನಿನ ಪಟ್ಟಿ ಬರೆಸಿ. ಪ್ರತಿಯೊಂದರ ಮುಂದೆ, ಇದನ್ನು ಮನೆಗೆ ತಂದವರು ಯಾರು, ಬೇಕು ಅಂದವರು ಯಾರು ಅಂತ ಬರೆಸಿ. ಇಲ್ಲದ ವಸ್ತುಗಳದ್ದೂ ಒಂದು ಪಟ್ಟಿ ಮಾಡಿಸಿ. ಬೇಡ ಅಂತ ಬಿಟ್ಟದ್ದು ಯಾವುದು, ಸಿಗದೇ ಹೋದದ್ದು ಯಾವುದು, ಮುಟ್ಟಬೇಡ ಅಂದದ್ದು ಯಾವುದು ಅಂತ ಬೇರೆ ಬೇರೆ ಮಾಡಿಸಿ. ಅಜ್ಜಿ ಇದ್ದರೆ ಅಜ್ಜಿಯನ್ನೂ ಕೇಳಿಕೊಂಡು ಬರಲಿ. ಬಳ್ಳಿಗಾವಿಯ ಕಲ್ಲು ಬರೆದಿಡದ ಚರಿತ್ರೆ ಆ ಎರಡನೇ ಪಟ್ಟಿಯಲ್ಲಿದೆ.