ಮತ್ಸ್ಯವಿನೋದ: ಗಾಳದ ಬೇಟೆಯ ನೀತಿ ಮತ್ತು ನಿಯಮನ

ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿರುವ ಅಶೋಕಸ್ತಂಭವನ್ನು ತೋಪ್ರಾದಿಂದ ಇಲ್ಲಿಗೆ ತರಿಸಿದವನು ಹದಿನಾಲ್ಕನೆಯ ಶತಮಾನದ ಸುಲ್ತಾನ ಫಿರೋಜ್ ಷಾ ತುಘಲಕ್. ಅದರ ಮೇಲಿನ ಐದನೆಯ ಶಾಸನವು ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಟ ರಾಜಾಜ್ಞೆ. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಕೆಲವು ಮೀನುಗಳ ಹೆಸರೂ ಇವೆ. ಅದಕ್ಕಿಂತ ಗಮನಾರ್ಹವಾದುದು ಅಲ್ಲಿಯ ಕಾಲನಿಯಮ. ಚಾತುರ್ಮಾಸ್ಯದ ಮೂರು ಹುಣ್ಣಿಮೆಗಳಲ್ಲಿ, ತಿಷ್ಯದ ಹುಣ್ಣಿಮೆಯಲ್ಲಿ ಮತ್ತು ಉಪೋಸಥದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಕೂಡದು, ಮಾರಲೂ ಕೂಡದು. ಇದು ಮೀನುಗಾರಿಕೆಯ ಸಂಪೂರ್ಣ ನಿಷೇಧವಲ್ಲ. ಉಳಿದ ದಿನಗಳಲ್ಲಿ ಬೆಸ್ತರ ವೃತ್ತಿಗೆ ಅಡ್ಡಿಯಿರಲಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಇಂದು ಜಾರಿಯಲ್ಲಿರುವ 61 ದಿನಗಳ ಮಳೆಗಾಲದ ನಿಷೇಧದ ಉದ್ದೇಶ ಬೇರೆ. ಆದರೆ ವೃತ್ತಿಯನ್ನು ಉಳಿಸಿಕೊಂಡೇ ಕಾಲವನ್ನು ಕಟ್ಟುವ ಕ್ರಮ ಎರಡರಲ್ಲೂ ಒಂದೇ ಎಂಬುದನ್ನು ಮರೆಯಲಾಗದು.

ಆದರೆ ಅಶೋಕನ ಶಾಸನದ ಮುಂದಿರುವುದು ಮುಖ್ಯವಾಗಿ ಆಹಾರ ಮತ್ತು ವ್ಯಾಪಾರ. ಮೀನು ಹಿಡಿಯುವುದೇ ಒಂದು ರಂಜನೆಯಾಗಿ ಶಾಸ್ತ್ರದ ಪದವಿಗೆ ಏರಿದುದನ್ನು ಕಾಣಲು ನಾವು ಕಲ್ಯಾಣಕ್ಕೆ ಬರಬೇಕು. ಆರನೆಯ ವಿಕ್ರಮಾದಿತ್ಯನ ಮಗ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ನಾಲ್ಕನೆಯದಾದ ವಿನೋದವಿಂಶತಿಯ ಒಂದು ಪ್ರಕರಣವೇ 'ಮತ್ಸ್ಯವಿನೋದ'. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಅವುಗಳ ನೆಲೆ, ಗಾತ್ರ, ಹುರುಪೆಗಳನ್ನು ನೋಡಿ ವಿಂಗಡಿಸುವುದು, ಯಾವ ಮೀನಿಗೆ ಯಾವ ಉಣಿಸು ಎಂದು ಹೇಳುವುದು, ಅನಂತರ ಗಾಳದ ಕೌಶಲಕ್ಕೆ ಬರುವುದು ಇದರ ಕ್ರಮ. ಪ್ರಾಣಿವಿಜ್ಞಾನಿ ಸುಂದರಲಾಲ ಹೋರಾ ಅವರು 1951ರಲ್ಲಿ ಇದರ ಬಗ್ಗೆ ಬರೆದ ಮೇಲೆ ಮತ್ಸ್ಯಶಾಸ್ತ್ರಜ್ಞರ ಗಮನ ಈ ಕೃತಿಯತ್ತ ಹರಿಯಿತು. ಕನ್ನಡ ವಿದ್ವತ್ತು ಈ ಭಾಗವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲವೆಂಬುದು ನನ್ನ ಕೊರಗು. ಅಡುಗೆ, ಸಂಗೀತಗಳಿಗಾಗಿ ಮಾನಸೋಲ್ಲಾಸವನ್ನು ತೆರೆದಷ್ಟು ಮೀನಿಗಾಗಿ ನಾವು ತೆರೆದಿಲ್ಲ.

ಕೃತಿಯ ಒಳಗೇ ಒಂದು ಬಿಕ್ಕಟ್ಟಿದೆ. ಮೊದಲನೆಯ ವಿಂಶತಿಯಲ್ಲಿ ಅಸತ್ಯವರ್ಜನದ ಜೊತೆಗೆ ಪರದ್ರೋಹವರ್ಜನವೂ ಅರಸನ ಧರ್ಮ. ನಾಲ್ಕನೆಯದರಲ್ಲಿ ಮೃಗಯೆಯೂ ಗಾಳವೂ ಅವನ ವಿನೋದ. ಸೋಮೇಶ್ವರನಿಗೆ ಇದು ವಿರೋಧವಾಗಿ ಕಂಡಂತಿಲ್ಲ. ಆದರೆ ಅವನಾಗಿ ಎಂಬತ್ತು ವರ್ಷಗಳಿಗೆ, 1209ರಲ್ಲಿ, ಹೊಯ್ಸಳರ ಆಶ್ರಯದ ಜನ್ನನು 'ಯಶೋಧರ ಚರಿತೆ'ಯನ್ನು ಮುಗಿಸಿದಾಗ ಪ್ರಶ್ನೆ ತಿರುವುಮುರುವಾಗಿ ಎದ್ದಿತು. ಅಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಅವುಗಳಲ್ಲಿ ಒಂದು ಮೀನಿನ ಜನ್ಮ. ಬೇಟೆಯಾಡುವ ಅರಸನೇ ಬೇಟೆಯ ಮೀನಾಗುತ್ತಾನೆ. ಜೀವವಿಲ್ಲದುದನ್ನು ಕೊಲ್ಲುವ ಭಾವವೇ ಪಾಪವಾದರೆ, ಜೀವವಿರುವುದನ್ನು ಕೊಲ್ಲದೆ, ಕೇವಲ ಸಂತೋಷಕ್ಕಾಗಿ ಗಾಳಕ್ಕೆ ಸಿಕ್ಕಿಸಿ ಬಿಡುವುದು ಏನು? ಜನ್ನನು ಈ ಪ್ರಶ್ನೆಯನ್ನು ಕೇಳಿಲ್ಲ. ಅವನ ಕಾವ್ಯದ ತರ್ಕ ಮಾತ್ರ ನಮ್ಮನ್ನು ಅಲ್ಲಿಗೆ ಒಯ್ಯುತ್ತದೆ.

ನದಿಯ ಒಂದು ಮಡುವನ್ನೇ ದೇವರದೆಂದು ಬಿಟ್ಟ ರೂಢಿಯೂ ನಮ್ಮಲ್ಲಿದೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ಮೀನಿಗೆ ಅಕ್ಕಿ ಹಾಕುವುದು ಸೇವೆ, ಹಿಡಿಯುವುದು ಅಪಚಾರ. ಈ ರಕ್ಷಣೆಯ ಮಿತಿಯೂ ಅಲ್ಲೇ ತಿಳಿಯಿತು. 1996ರಲ್ಲಿ ಶಿಶಿಲದ ನೀರಿಗೆ ವಿಷ ಬೆರೆತು ಸಾವಿರಾರು ಮೀನುಗಳು ಸತ್ತವು.

ವಿಷ ಮತ್ತು ಸಿಡಿಮದ್ದುಗಳಿಂದ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಆಗಲೇ ಅಪರಾಧವೆಂದಿತ್ತು. ಈ ಚಿಂತನೆಯ ಹಿಂದೆಯೂ ಗಾಳದವರ ಕೈವಾಡ ಸ್ವಲ್ಪವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲನು 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಕೈಪಿಡಿಯನ್ನು ಪ್ರಕಟಿಸಿದನು. ಹೊಳೆಯ ಮೀನಿನ ಸಂತತಿ ಕ್ಷೀಣಿಸುವುದರ ಬಗ್ಗೆ ಆತಂಕಪಟ್ಟವರಲ್ಲಿ ಅವನೂ ಒಬ್ಬ. ಆದರೆ ದೊರೆಗಳ ಗಾಳ ಕ್ರೀಡೆಯಾಗಿ, ಹಳ್ಳಿಗನ ಬಲೆ ವಿನಾಶವಾಗಿ ಕಂಡ ಆ ದೃಷ್ಟಿಯಲ್ಲಿ ಅಧಿಕಾರದ ನೆರಳಿದೆ ಎಂದೇ ನನ್ನ ಅಭಿಪ್ರಾಯ. ಕ್ರೀಡೆಯ ಮೀನಾದರೂ ಆಗ ನೀರಿಗೆ ಮರಳುತ್ತಿರಲಿಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಇಂದಿಗೂ ದಾಖಲೆಯ ಮಾತು.

ಹಿಡಿದು ಬಿಡುವ ಪದ್ಧತಿ ಕಾವೇರಿಯಲ್ಲಿ ನೆಲೆಗೊಂಡದ್ದು ಅನಂತರದ ದಶಕಗಳಲ್ಲಿ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಪಾತ್ರದ ಒಂದು ಭಾಗವನ್ನು ಪಡೆದು ಕಾವಲು ಹಾಕಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಶಿಬಿರಗಳನ್ನು ನಡೆಸಿತು. ಹಿಂದೆ ಕಳ್ಳಬೇಟೆಯಲ್ಲಿದ್ದ ಕೆಲವರೇ ಅಲ್ಲಿ ಗಾಳದವರ ಸಹಾಯಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. ವಿಪರ್ಯಾಸವೆಂದರೆ ಅದೇ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ 'ಬೇಟೆ' ಎಂಬ ಪದಕ್ಕೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಅರ್ಥ. ಶಿಬಿರಗಳ ನೆಲೆ ಕಾವೇರಿ ವನ್ಯಧಾಮದ ಒಳಗೆ. ಹೀಗಾಗಿ 2010ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಶಿಬಿರಗಳು ಇದ್ದುದರಿಂದಲೇ ಸಿಡಿಮದ್ದಿನವರು ದೂರವಿದ್ದರೆಂದು ಗಾಳದವರು ವಾದಿಸಿದರು. ವನ್ಯಧಾಮದಲ್ಲಿ ವಿನೋದಕ್ಕಾಗಿ ಪ್ರಾಣಿಯನ್ನು ನೋಯಿಸಲು ಪರವಾನಗಿ ಸಲ್ಲದೆಂಬುದು ಇನ್ನೊಂದು ಪಕ್ಷ. ಎರಡನೆಯದು ನನಗೆ ತಾತ್ವಿಕವಾಗಿ ಸಮರ್ಪಕವೆನಿಸುತ್ತದೆ, ಆದರೆ ಮೊದಲನೆಯದನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕಲಾರೆ.

ಏಕೆಂದರೆ ಆ ಮೀನಿನ ವಿಷಯದಲ್ಲಿ ನಮಗೆ ಉಳಿದಿರುವ ದೀರ್ಘಕಾಲದ ಲೆಕ್ಕ ಗಾಳದವರದೇ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ಪರಿಶೀಲಿಸಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಫಲಿತವೂ ಗಾಳದವರಿಗೆ ಪೂರ್ತಿ ಹಿತವಾದುದಲ್ಲ. ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿತ್ತು. ಆದರೆ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ; ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿದಿತ್ತು. ಶತಮಾನಕ್ಕೂ ಮಿಕ್ಕಿ ಗಾಳದವರು ಕೊಂಡಾಡಿದ ಈ ಮೀನು 'ಟಾರ್ ರೇಮಾದೇವಿ' ಎಂಬ ಜಾತಿಯೇ ಎಂದು ವಿಜ್ಞಾನ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಮಾನಸೋಲ್ಲಾಸದ ಮೀನಿನ ಹೆಸರುಗಳನ್ನು ಇಂದಿನ ಜಾತಿಗಳೊಡನೆ ಹೊಂದಿಸುವ ಕೆಲಸವನ್ನು ಹೋರಾ ಆರಂಭಿಸಿದರು. ತುಂಗಭದ್ರೆ, ಕೃಷ್ಣೆ, ಕಾವೇರಿಗಳ ಬೆಸ್ತರ ಬಾಯಲ್ಲಿರುವ ಹೆಸರುಗಳನ್ನು ಸಂಗ್ರಹಿಸಿ ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ಕನ್ನಡದವರು ಮಾಡಬೇಕಾದ ಕೆಲಸ. ಗಾಳದವರ ಮಹಶೀರ್ ಅವರಿಗೆ ಬಿಳಿಮೀನು.