ತಾಯಿ ಗಿಡದ ತುಂಡಿನಿಂದ ತೋಟದವರೆಗೆ

ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳ ಸಾಲು ಕಾಣುತ್ತದೆ. ಬೀಜವಾಗಬೇಕಿದ್ದು ಆಗದೆ ಉಳಿದುಹೋದ ಕುರುಹು ಅದು. ನಾವು ತಿನ್ನುವ ಬಹುತೇಕ ಬಾಳೆಗಳ ಜೀವಕೋಶದಲ್ಲಿ ವರ್ಣತಂತುಗಳ ಕಟ್ಟು ಎರಡಲ್ಲ, ಮೂರು. ಮೂರು ಕಟ್ಟು ಸಮನಾಗಿ ಹಂಚಿಕೆಯಾಗದ ಕಾರಣ ಬೀಜ ಕಟ್ಟುವುದಿಲ್ಲ. ಹಾಗಾಗಿ ಬಾಳೆಯ ವಂಶ ಮುಂದುವರಿಯುವುದು ಬುಡದ ಕಂದಿನಿಂದ. ಬೀಜದ ಸಸಿಯಲ್ಲಿ ಎರಡು ವಂಶಗಳು ಬೆರೆತರೆ, ಕಂದು, ಕಾಂಡದ ತುಂಡು ಅಥವಾ ಅಂಗಾಂಶದಿಂದ ಎದ್ದ ಗಿಡ ತಾಯಿಯ ತದ್ರೂಪಿ. ತಾಯಿಯ ರುಚಿ, ಇಳುವರಿ ಅದಕ್ಕೆ ಬರುತ್ತದೆ. ತಾಯಿಯೊಳಗೆ ಅಡಗಿರುವ ರೋಗವೂ ಬರುತ್ತದೆ.

ತುಂಡು ಬೇರು ಬಿಡುವ ಬಗೆ

ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಸದಾ ಬುಡದ ಕಡೆಗೆ ಇಳಿಯುತ್ತದೆ. ಕೊಂಬೆಯನ್ನು ಕತ್ತರಿಸಿದಾಗ ಅದಕ್ಕೆ ಮುಂದೆ ದಾರಿಯಿಲ್ಲದೆ ಗಾಯದ ಬಳಿ ಶೇಖರವಾಗುತ್ತದೆ. ಅಲ್ಲಿನ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಮತ್ತೆ ವಿಭಜನೆಗೊಂಡು ಬೇರಿನ ಮೊಳಕೆಗಳಾಗುತ್ತವೆ. ತಲೆಕೆಳಗಾಗಿ ನೆಟ್ಟ ತುಂಡು ಸಾಮಾನ್ಯವಾಗಿ ಸೋಲುವುದು ಇದೇ ಕಾರಣಕ್ಕೆ. ನರ್ಸರಿಗಳಲ್ಲಿ ತುಂಡಿನ ಬುಡಕ್ಕೆ ಹಚ್ಚುವ ಐಬಿಎ ಪುಡಿ ಇದೇ ಗುಂಪಿನ ಹಾರ್ಮೋನು.

ನುಗ್ಗೆ, ಹಾಲುವಾಣ, ಗ್ಲಿರಿಸಿಡಿಯಾಗಳಿಗೆ ಈ ಉಪಚಾರ ಬೇಕಿಲ್ಲ. ಗೂಟ ನೆಟ್ಟರೂ ಚಿಗುರುತ್ತವೆ. ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಮೂರು ಕಣ್ಣಿನ ತುಂಡುಗಳಿಂದ ಬೆಳೆಸುತ್ತಾರೆ. ಮಾವಿನ ತುಂಡು ಸುಲಭವಾಗಿ ಬೇರು ಬಿಡದ ಕಾರಣ ಅಲ್ಲಿ ಕಸಿಯೇ ದಾರಿ.

ಮೆಣಸಿನ ಬಳ್ಳಿಯ ಎರಡು ಸ್ವಭಾವ

ತುಂಡನ್ನು ಎಲ್ಲಿಂದ ತೆಗೆಯುತ್ತೇವೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಕಾಳುಮೆಣಸಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ತುಂಡು ನೆಟ್ಟರೆ ಮರ ಏರುವ ಬಳ್ಳಿಯಾಗುತ್ತದೆ. ಕಾಳಿನ ಗೆರೆ ಬಿಡುವ ಪಕ್ಕದ ಕವಲನ್ನು ನೆಟ್ಟರೆ ಅದು ಏರುವುದೇ ಇಲ್ಲ. ಕುಂಡದಲ್ಲಿ ಬೆಳೆಯಬಹುದಾದ ಪೊದೆ ಮೆಣಸಾಗುತ್ತದೆ. ಎರಡೂ ಒಂದೇ ಬಳ್ಳಿಯವು, ವಂಶವಾಹಿಯಲ್ಲಿ ವ್ಯತ್ಯಾಸವಿಲ್ಲ. ಆದರೂ ತಾಯಿಯ ಮೇಲೆ ತಾನಿದ್ದ ಜಾಗವನ್ನು ಕವಲು ಮರೆಯುವುದಿಲ್ಲ.

ಬೆಳೆಗಾರರು ಹಬ್ಬುಬಳ್ಳಿಗಳನ್ನು ಮಣ್ಣಿಗೆ ತಾಗಿ ಬೇರು ಬಿಡದಂತೆ ಬುಡದ ಬಳಿ ಗೂಟಕ್ಕೆ ಸುತ್ತಿಡುತ್ತಾರೆ. ಫೆಬ್ರುವರಿ–ಮಾರ್ಚ್‌ನಲ್ಲಿ ಕತ್ತರಿಸಿ, ತೀರಾ ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು, ಎರಡು ಮೂರು ಗೆಣ್ಣಿನ ತುಂಡು ಮಾಡಿ, ಎಲೆ ತೆಗೆದು ತೊಟ್ಟೆಗೆ ನೆಡುತ್ತಾರೆ. ಇನ್ನೂ ಬೇರಿಲ್ಲದ ತುಂಡಿನಿಂದ ಎಲೆ ನೀರು ಹೀರಿ ಆವಿಯಾಗಿಸದಿರಲಿ ಎಂದೇ ಎಲೆ ತೆಗೆಯುವುದು, ನೆರಳು ಕಟ್ಟುವುದು.

ಸೀಸೆಯೊಳಗಿನ ಗಿಡ

ಸಸ್ಯದ ಒಂದೊಂದು ಜೀವಕೋಶಕ್ಕೂ ಪೂರ್ತಿ ಗಿಡವಾಗುವ ಶಕ್ತಿ ಇರಬಹುದೆಂಬ ಯೋಚನೆಯನ್ನು ಮುಂದಿಟ್ಟವರು ಸಸ್ಯವಿಜ್ಞಾನಿ ಗಾಟ್ಲೀಬ್ ಹಾಬರ್‌ಲಾಂಟ್. 1902ರಲ್ಲಿ ಅವರು ಸಾಕಿದ ಕೋಶಗಳು ಬದುಕಿದವು, ಆದರೆ ವಿಭಜನೆಯಾಗಲಿಲ್ಲ. 1940ರ ದಶಕದ ಆರಂಭದಲ್ಲಿ ದತ್ತೂರಿಯ ಎಳೆಯ ಭ್ರೂಣಗಳನ್ನು ಬೆಳೆಸಲು ನೆರವಾದದ್ದು ತೆಂಗಿನಕಾಯಿಯ ನೀರು. 1958ರಲ್ಲಿ ಎಫ್. ಸಿ. ಸ್ಟೀವರ್ಡ್ ಅದೇ ಎಳನೀರು ಬೆರೆಸಿದ ದ್ರವದಲ್ಲಿ ಕ್ಯಾರೆಟ್ ಕೋಶಗಳಿಂದ ಭ್ರೂಣದಂಥ ರಚನೆಗಳನ್ನು ಪಡೆದರು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ಪೋಷಕ ಮಿಶ್ರಣವನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಸೈಟೊಕೈನಿನ್ ಎಂಬ ಹಾರ್ಮೋನು ಹೆಚ್ಚಾದರೆ ಚಿಗುರು, ಆಕ್ಸಿನ್ ಹೆಚ್ಚಾದರೆ ಬೇರು: ಇಡೀ ವಿದ್ಯೆ ನಿಂತಿರುವುದು ಈ ಎರಡರ ಪ್ರಮಾಣದ ಮೇಲೆ.

ಬಾಳೆಯಲ್ಲಿ ಕೆಲಸ ಶುರುವಾಗುವುದು ಕಿರಿದಾದ ಎಲೆಯ ಕಂದಿನಿಂದ. ಗೆಡ್ಡೆಯ ಪದರಗಳನ್ನು ಈರುಳ್ಳಿ ಸುಲಿದಂತೆ ಒಂದೊಂದಾಗಿ ಬಿಡಿಸುತ್ತ ಹೋದರೆ ಕೊನೆಗೆ ಬೆಳ್ಳನೆಯ ಪುಟ್ಟ ಸುಳಿ ಉಳಿಯುತ್ತದೆ. ಅದನ್ನು ಸೋಂಕು ತೊಳೆದು, ಸಕ್ಕರೆ, ಲವಣ, ಹಾರ್ಮೋನುಗಳಿರುವ ಅಗಾರ್ ಎಂಬ ಲೋಳೆಯ ಮೇಲೆ ಸೀಸೆಯೊಳಗೆ ಇಡುತ್ತಾರೆ. ಒಂದು ಸುಳಿಯ ಸುತ್ತ ಹಲವು ಮೊಗ್ಗು ಮೂಡುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಬಿಡಿಸಿ ಹೊಸ ಸೀಸೆಗೆ ಹಾಕುತ್ತಾರೆ. ಎಷ್ಟು ಸಲ ಬೇಕಾದರೂ ಹೀಗೆ ಮಾಡುವಂತಿಲ್ಲ. ಸುತ್ತು ಹೆಚ್ಚಿದಷ್ಟೂ ಕುಳ್ಳ ಗಿಡ, ಮಚ್ಚೆ ಎಲೆಯ ಗಿಡಗಳು ನುಸುಳುತ್ತವೆ; ಹಾಗಾಗಿ ಎಂಟು ಸುತ್ತಿನೊಳಗೆ ನಿಲ್ಲಿಸುವುದು ರೂಢಿ.

ಸೀಸೆಯಿಂದ ಹೊರಬಂದ ಸಸಿ ಅಂಗೈ ಮೇಲೆ ಇಟ್ಟರೆ ಸೊಪ್ಪಿನಂತೆ ಬಾಗುತ್ತದೆ. ಒಳಗಿನ ತೇವದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ಸರಿಯಾಗಿ ಕೂತಿರುವುದಿಲ್ಲ, ಪತ್ರರಂಧ್ರಗಳಿಗೆ ಮುಚ್ಚುವ ಅಭ್ಯಾಸವಿರುವುದಿಲ್ಲ. ಬೇರಿಗೆ ಅಂಟಿದ ಅಗಾರ್ ತೊಳೆಯದಿದ್ದರೆ ಬೂಸ್ಟು ಹಿಡಿಯುತ್ತದೆ. ಮೊದಲು ಹಬೆಯಂಥ ತೇವದಲ್ಲಿ, ನಂತರ ನೆರಳುಬಲೆಯ ಕೆಳಗೆ ವಾರಗಟ್ಟಲೆ ಗಟ್ಟಿಗೊಳಿಸಿದ ಮೇಲೆಯೇ ಅದು ತೋಟಕ್ಕೆ ಹೋಗಬೇಕು. ಲಾಭದ ಆತುರದಲ್ಲಿ ಈ ಹಂತವನ್ನು ಮೊಟಕುಗೊಳಿಸುವವರು ನಷ್ಟವನ್ನು ರೈತನ ತಲೆಗೆ ಕಟ್ಟುತ್ತಾರೆ.

ಶುಚಿ ಬೇರೆ, ರೋಗನಿರೋಧ ಬೇರೆ

ಹೀಗೆ ಸೀಸೆಯಲ್ಲಿ ಬೆಳೆಸಿದ ಟಿಶ್ಯೂ ಕಲ್ಚರ್ ಸಸಿಗೆ ರೋಗ ಬರುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಸುಳಿಯ ತೀರಾ ತುದಿಯ ಕೋಶಗಳಿಗೆ ವೈರಸ್ ಹಲವು ಸಲ ತಲುಪಿರುವುದಿಲ್ಲ. ವಿಜ್ಞಾನಿಗಳಾದ ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ಡೇಲಿಯಾವನ್ನು ವೈರಸ್‌ಮುಕ್ತಗೊಳಿಸಿದ್ದು ಈ ಅಂಶವನ್ನು ಬಳಸಿಯೇ. ಆದರೆ ಕೆಲವು ಬಾಳೆ ತಳಿಗಳ ವಂಶವಾಹಿಯೊಳಗೇ ಪಟ್ಟೆ ವೈರಸ್ ಸೇರಿಕೊಂಡಿದೆ. ಸೀಸೆಯೊಳಗಿನ ಒತ್ತಡಕ್ಕೆ ಅದು ಎಚ್ಚರಗೊಳ್ಳುವುದೂ ಉಂಟು. ಆದ್ದರಿಂದಲೇ ತಾಯಿ ಗಿಡವನ್ನೂ ಸಸಿಗಳನ್ನೂ ಪರೀಕ್ಷಿಸಿ ದೃಢೀಕರಿಸುವ ವ್ಯವಸ್ಥೆಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ತಂದಿತು. ಕೊಳ್ಳುವವರು ಆ ಗುರುತನ್ನು ಕೇಳಿ ನೋಡಬೇಕು.

ಮಣ್ಣಿನಲ್ಲಿ ಪನಾಮಾ ಸೊರಗು ರೋಗದ ಶಿಲೀಂಧ್ರ ಇದ್ದರೆ ಎಂಥ ಶುಚಿಯಾದ ಸಸಿಯೂ, ತಳಿಗೆ ತಡೆಯುವ ಶಕ್ತಿಯಿಲ್ಲದಿದ್ದರೆ, ಸೊರಗುತ್ತದೆ. ಭೌಗೋಳಿಕ ಸೂಚಕ ಪಡೆದ ನಂಜನಗೂಡು ರಸಬಾಳೆಯನ್ನು ಕಾಡುತ್ತಿರುವುದು ಇದೇ ರೋಗ. ರಫ್ತಿನ ಮಾರುಕಟ್ಟೆಯನ್ನು ಆಳುತ್ತಿದ್ದ ಗ್ರೋ ಮಿಷೆಲ್ ಬಾಳೆ ಮಧ್ಯ ಅಮೆರಿಕದಲ್ಲಿ ಇದಕ್ಕೇ ಬಲಿಯಾಗಿ, 1960ರ ಹೊತ್ತಿಗೆ ಜಾಗವನ್ನು ಕ್ಯಾವೆಂಡಿಶ್‌ಗೆ ಬಿಟ್ಟಿತು. ನಮ್ಮ ತೋಟಗಳ ಜಿ-9 ಬಾಳೆ ತಳಿಯೂ ಕ್ಯಾವೆಂಡಿಶ್ ಗುಂಪಿನದೇ. ಅದನ್ನೂ ಕೊಲ್ಲುವ ಇದೇ ಶಿಲೀಂಧ್ರದ ಟಿಆರ್-4 ಎಂಬ ಬಗೆ 2019ರಲ್ಲಿ ಕೊಲಂಬಿಯಾದಲ್ಲಿ ದೃಢಪಟ್ಟಿತು; ಭಾರತದ ಬಿಹಾರ, ಉತ್ತರ ಪ್ರದೇಶಗಳಲ್ಲೂ ಕಾಣಿಸಿಕೊಂಡಿದೆ. ಸಾಲು ಸಾಲಾಗಿ ಒಂದೇ ತದ್ರೂಪಿ ನಿಂತಿರುವ ತೋಟದಲ್ಲಿ ಒಂದು ಗಿಡವನ್ನು ಕೊಲ್ಲಬಲ್ಲ ರೋಗ ಎಲ್ಲವನ್ನೂ ಕೊಲ್ಲಬಲ್ಲದು.

ಕವಲೊಡೆಯದ ಅಡಿಕೆ

ಅಡಿಕೆ ಮರಕ್ಕೆ ಒಂದೇ ಸುಳಿ, ಕಂದಿಲ್ಲ, ಕೊಂಬೆಯಿಲ್ಲ. ಸುಳಿ ಕಿತ್ತರೆ ಮರವೇ ಸತ್ತಂತೆ. ಹಾಗಾಗಿ ಒಳ್ಳೆಯ ಮರದ ಬೀಜ ನೆಟ್ಟು, ಅದೇ ಗುಣ ಬರಲಿ ಎಂದು ಕಾಯುವುದೊಂದೇ ದಾರಿಯಾಗಿತ್ತು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎಳೆಯ ಹಿಂಗಾರದ ಅಂಗಾಂಶದಿಂದ ಸಸಿ ಎಬ್ಬಿಸುವ ವಿಧಾನವನ್ನು ರೂಪಿಸಿದೆ. ಹಿಂಗಾರ ತೆಗೆದರೆ ಮರಕ್ಕೆ ಪ್ರಾಣಭಯವಿಲ್ಲ. ಹಳದಿ ಎಲೆ ರೋಗಕ್ಕೆ ತುತ್ತಾದ ತೋಟಗಳ ನಡುವೆ ಹಸಿರಾಗಿಯೇ ಉಳಿದ ಮರಗಳನ್ನು ಹುಡುಕಿ, ಅವುಗಳ ಹಿಂಗಾರದಿಂದ ಸಸಿ ಮಾಡುವ ಕೆಲಸ ನಡೆದಿದೆ.