ಗಂಗೆ ಹರಿಯದ ಸೀಮೆಯ ಗಂಗಮ್ಮ

ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಾಪಾಗ್ನಿ, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳೇನೋ ಇವೆ; ನೀರು ಮಾತ್ರ ಮಳೆ ಬಂದರೆ ಉಂಟು. ಹಾಗಾಗಿ ಇಲ್ಲಿನವರು ಗಂಗೆಯನ್ನೇ ಊರಿಗೆ ಕರೆಸಿಕೊಂಡರು. ಶತಶೃಂಗ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುವ ಒರತೆ ಅಂತರಗಂಗೆಯಾಯಿತು, ಅಲ್ಲಿನ ಶಿವ ಕಾಶಿ ವಿಶ್ವೇಶ್ವರನಾದ. ಮುಳಬಾಗಿಲಿನ ನರಸಿಂಹ ತೀರ್ಥಕ್ಕೆ 15ನೇ ಶತಮಾನದ ಯತಿ ಶ್ರೀಪಾದರಾಜರು ಗಂಗೆಯನ್ನು ಬರಮಾಡಿಕೊಂಡರೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಮಠವಿಲ್ಲದ ಹಳ್ಳಿಗಳಿಗೆ ಕೆರೆ ಏರಿಯ ಮೇಲಿನ ಗಂಗಮ್ಮನೇ ಸಾಕಾಗಿದ್ದಳು.

ಬರೀ ಭಕ್ತಿಯಿಂದ ಏರಿ ನಿಲ್ಲುವುದಿಲ್ಲ ಎಂಬುದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದನ್ನು ತಿರುವಿ ಹಾಕಿದರೆ ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಎದುರಾಗುತ್ತವೆ. ಕೆರೆ ಕಟ್ಟಿದವನಿಗೆ, ಒಡೆದ ಕೆರೆಯನ್ನು ರಿಪೇರಿ ಮಾಡಿದವನಿಗೆ ಅದರ ಕೆಳಗೇ ಜಮೀನು. ಅಚ್ಚುಕಟ್ಟಿನ ಹತ್ತರಲ್ಲೊಂದು ಪಾಲು ಎಂಬುದು ದಶವಂದದ ಮೂಲ ಅರ್ಥ. ದಾನವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ. ಪುಣ್ಯ, ಲಾಭ, ಶಾಪ ಮೂರೂ ಒಂದೇ ಕಲ್ಲಿನ ಮೇಲೆ!

ನೆರೆಯ ಕಡಪ ಸೀಮೆಯಲ್ಲಿರುವ ಪೋರುಮಾಮಿಳ್ಳದ 1369ರ ಶಾಸನ ಇನ್ನೂ ಸ್ವಾರಸ್ಯದ್ದು. ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದ. ಮಗ, ನಿಧಿ, ದೇಗುಲ, ಕಾವ್ಯ, ತೋಟ, ಅಗ್ರಹಾರಗಳ ಜೊತೆಗೆ ಕೆರೆಯೂ ಸಪ್ತಸಂತಾನಗಳಲ್ಲಿ ಒಂದೆಂದು ಹೊಗಳುವ ಅದೇ ಶಾಸನ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು ದೋಷ ಎಂದೂ ಎಚ್ಚರಿಸುತ್ತದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಕೆಲಸದ ಲೆಕ್ಕವನ್ನೂ ಕೊಡುತ್ತದೆ. ಕಾವೇರಿ, ಕೃಷ್ಣೆಯ ಹಂಚಿಕೆಗೆ ಕೋರ್ಟು ಹತ್ತಿದವರಿಗೆ ಆ ಗಡಿಯ ಮಾತು ತಕ್ಷಣ ಅರ್ಥವಾಗುತ್ತದೆ.

ಕೆರೆಯನ್ನು ದಿನವೂ ಕಾದವನು ಮಾತ್ರ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ತೂಬು ಎತ್ತುವುದು ಯಾವಾಗ, ಏರಿಯಲ್ಲಿ ಇಲಿ ತೋಡಿದ ಬಿಲವೆಲ್ಲಿ ಎಂಬುದೆಲ್ಲ ಅವನಿಗೇ ಗೊತ್ತು. ಈ ಭಾಗದಲ್ಲಿ ಬಹುಪಾಲು ನೀರುಗಂಟಿಗಳು ದಲಿತರು. ಶಾಸನಗಳಲ್ಲಿ ದಾನಿಗಳ ಹೆಸರು ಉಳಿದಿದೆ. ನೀರು ಹಂಚಿದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಕೆರೆ ಸಂಸ್ಕೃತಿಯನ್ನು ಕೊಂಡಾಡುವ ಭಾಷಣಗಳು ಈ ಮಾತನ್ನು ಜಾರಿಸಿಬಿಡುತ್ತವೆ.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬೆರಗಾಗಿದ್ದರು. ನೂರು ವರ್ಷ ಕಳೆಯುವಷ್ಟರಲ್ಲಿ ಕೆರೆಗಳು ಇಲಾಖೆಯ ಸೊತ್ತಾದವು. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಯ ನೊಗ ಕಳಚಿದ್ದು ಸರಿಯೇ; ತೂಬಿನ ಹತ್ತಿರ ಸಂಬಳಕ್ಕೂ ಯಾರನ್ನೂ ನಿಲ್ಲಿಸದೆ ಹೋದದ್ದು ತಪ್ಪು. ಆಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು, ಮಾಲೂರಿನ ಕಡೆ ನೀಲಗಿರಿ ತೋಪುಗಳು ಹಬ್ಬಿದವು, ಇಟ್ಟಿಗೆ ಗೂಡುಗಳಿಗೆ ಮಣ್ಣು ಹೋಯಿತು. ಶ್ರೀನಿವಾಸಪುರ ಮಾವನ್ನು ನಂಬಿತು. ಗಂಗಮ್ಮನ ಪೂಜೆ ನಿಲ್ಲಲಿಲ್ಲ, ಹೂಳೆತ್ತುವುದು ನಿಂತಿತು.

2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹೊಸ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಗೊಳಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಅದು. ಮುಂದಿನ ತಿಂಗಳೇ ನೊರೆ ಕಂಡಿತು, ವಿಷಯ ಹೈಕೋರ್ಟು ಮೆಟ್ಟಿಲೇರಿತು. ಮುಂದೆ ಒಂದೊಂದೇ ಕೆರೆ ತುಂಬಿದಂತೆ ಬಾಗಿನವೂ ನಡೆಯಿತು. ಅಂತರಗಂಗೆಯ ತೀರ್ಥವನ್ನು ಬೊಗಸೆಯಲ್ಲಿ ಕುಡಿಯುವ ಜನ ಈ ಗಂಗೆಯನ್ನು ಕುಡಿಯುವಂತಿಲ್ಲ, ಗದ್ದೆಗೂ ನೇರವಾಗಿ ಹರಿಸುವಂತಿಲ್ಲ. ಅದು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ನೀರಾವರಿ ಹೋರಾಟಗಾರರು ಮೊದಲಿನಿಂದಲೂ ಕೇಳುತ್ತಿದ್ದಾರೆ. ಈ ಕೆರೆಗಳಲ್ಲಿ ತೂಬು ಎತ್ತಲು ನೀರುಗಂಟಿ ಬೇಕಿಲ್ಲ. ತೂಬು ಮುಚ್ಚಿರಬೇಕೆಂಬುದೇ ನಿಯಮ.